ಚಕ್ ಕೀ ಯಾರ ಕೈಗೆ?

ಚೆನ್ನೈಯ ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಬೀದಿಯೊಂದರಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಎರಡು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು, ಮೂಲೆಯಲ್ಲಿ ಗ್ರೈಂಡರು. ತಮಿಳಿನಲ್ಲಿ ಇಂಥದಕ್ಕೆ ‘ಲೇತ್ ಪಟ್ಟರೈ’ ಅನ್ನುತ್ತಾರೆ. ನಾನು ಹೋಗಿದ್ದು ಬೆರಳುದ್ದದ ಹಿತ್ತಾಳೆ ಸಿಲಿಂಡರಿಗೆ ಬೋರ್ ಹೊಡೆಸಲು. ಮೇಜಿನ ಮೇಲೆ ಓಡುವಂಥ ಪುಟ್ಟ ಉಗಿಯಂತ್ರ ಮಾಡುವ ಹುಚ್ಚು ನನ್ನದು. ಮೇಸ್ತ್ರಿ ಹೊಸೂರು ಕಡೆಯವರು. ನನ್ನ ತಮಿಳು ಕೇಳಿ ಎರಡೇ ಮಾತಿಗೆ ಕನ್ನಡಕ್ಕೆ ಬಂದರು. ‘ನಾನೇ ಒಂದು ಕೈ ನೋಡಲಾ ಮೇಸ್ತ್ರಿ?’ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದರು. ‘ವಾಚು ಬಿಚ್ಚಿಡಿ ಸಾರ್. ತೋಳು ಮೊಣಕೈ ಮೇಲಕ್ಕೆ ಮಡಿಸ್ಕೊಳ್ಳಿ. ಜೇಬಲ್ಲಿರೋ ಪೆನ್ನು, ಫೋನು ಎಲ್ಲ ಅಲ್ಲಿಡಿ.’ ಆಮೇಲೆ ಲೇತಿನಲ್ಲಿ ಸಾಮಾನನ್ನು ಕಚ್ಚಿ ಹಿಡಿಯುವ ಚಕ್ಕನ್ನು ಬಿಗಿಮಾಡುವ ಚಾವಿ, ಚಕ್ ಕೀ, ಕೈಗೆ ಕೊಟ್ಟು, ‘ಇದು ಇರಬೇಕಾದ್ದು ಎರಡೇ ಜಾಗ. ಒಂದು ನಿಮ್ಮ ಕೈ, ಇನ್ನೊಂದು ಆ ಗೋಡೆ ಮೊಳೆ. ಚಕ್ಕಲ್ಲೇ ಬಿಟ್ಟು ಸ್ವಿಚ್ ಹಾಕಿದ್ರೋ, ಎಲ್ಲಿಗೆ ಹಾರುತ್ತೆ ಅಂತ ನಾನು ಹೇಳಕ್ಕಾಗಲ್ಲ’ ಅಂದರು. ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದ ಮೇಸ್ತ್ರಿ ಸ್ವತಃ ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಲುಂಗಿ, ಹವಾಯಿ ಚಪ್ಪಲಿಯಲ್ಲಿದ್ದರು. ಕಣ್ಣಿಗೆ ಹಾಕುವ ಗಾಗಲ್ಸ್ ಆ ಶೆಡ್ಡಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಐಐಟಿ ಮದ್ರಾಸ್. 2008ರಲ್ಲಿ ಅಲ್ಲಿ ಶುರುವಾದ ‘ಸೆಂಟರ್ ಫಾರ್ ಇನ್ನೊವೇಶನ್’ ವಿದ್ಯಾರ್ಥಿಗಳೇ ನಡೆಸುವ ಕಾರ್ಯಾಗಾರ. ಪಾಠ, ಅಂಕ, ಹಾಜರಿಗಳ ಗೊಡವೆಯಿಲ್ಲದೆ ರೇಸ್ ಕಾರು, ಸೌರ ಕಾರು, ರಾಕೆಟ್ಟು, ಹೈಪರ್‌ಲೂಪ್ ಎಂದು ಮನಸ್ಸಿಗೆ ಬಂದದ್ದನ್ನು ಮಾಡಿ ನೋಡುವ ಜಾಗ. 2022ರಲ್ಲಿ ಅದಕ್ಕೆ ಹೊಸ ಕಟ್ಟಡವೂ ಆಯಿತು. ಬೆಂಗಳೂರಿನ ಬೀದಿಗಳಲ್ಲಿ ಸದ್ದಿಲ್ಲದೆ ನುಸುಳುವ ಏಥರ್ ಸ್ಕೂಟರಿನ ಸ್ಥಾಪಕರಿಬ್ಬರೂ ಈ ಕ್ಯಾಂಪಸ್ಸಿನವರೇ. ಸ್ಕೂಟರು ತಯಾರಾಗುವುದು ನಮ್ಮ ಮೇಸ್ತ್ರಿಯ ಹೊಸೂರಿನಲ್ಲಿ. ವರ್ಷಕ್ಕೊಮ್ಮೆ ಆ ಕಾರ್ಯಾಗಾರದಲ್ಲಿ ‘ಓಪನ್ ಹೌಸ್’ ನಡೆಯುತ್ತದೆ, ಹೊರಗಿನವರೂ ಹೋಗಿ ನೋಡಬಹುದು. ಮುಟ್ಟುವ, ತಿರುಗಿಸುವ ಭಾಗ್ಯ ಮಾತ್ರ ಪ್ರವೇಶ ಪರೀಕ್ಷೆ ಪಾಸಾದವರದು. ಅದರಲ್ಲಿ ತಪ್ಪೇನೂ ಇಲ್ಲ, ಅದು ಅವರ ವಿದ್ಯಾರ್ಥಿಗಳಿಗೆಂದೇ ಕಟ್ಟಿದ್ದು. ಆದರೆ ವೇಳಚೇರಿಯ ಒಬ್ಬ ಬ್ಯಾಂಕ್ ಗುಮಾಸ್ತನಿಗೋ, ಪೆರಂಬೂರಿನ ಒಬ್ಬ ಪ್ಲಸ್ ಟೂ ಹುಡುಗಿಗೋ ಲೇತ್ ಹಿಡಿಯುವ ಆಸೆ ಬಂದರೆ ಅವರು ಎಲ್ಲಿಗೆ ಹೋಗಬೇಕು? ರಿಚಿ ಸ್ಟ್ರೀಟಿನಲ್ಲಿ ಮೋಟಾರು ಸಿಗುತ್ತದೆ, ಪುದುಪೇಟೆಯಲ್ಲಿ ಹಳೆ ಗಾಡಿಯ ಯಾವ ಬಿಡಿಭಾಗ ಬೇಕಾದರೂ ಸಿಗುತ್ತದೆ. ಅವನ್ನು ಜೋಡಿಸಲು, ಕೊರೆಯಲು, ಬೆಸೆಯಲು ಜಾಗ ಸಿಗುವುದಿಲ್ಲ. ಸಿಕ್ಕರೆ ಅಂಬತ್ತೂರಿನಂಥ ಶೆಡ್ಡಿನಲ್ಲಿ, ಮೇಸ್ತ್ರಿಯ ಮನಸ್ಸು ಚೆನ್ನಾಗಿದ್ದ ದಿನ.

ಹೀಗೇಕೆ ಎಂದು ಕೆದಕುತ್ತ ಹೋದರೆ ಮೊದಲು ಸಿಗುವುದು ಒಂದು ವಿಚಿತ್ರ: ನಮ್ಮ ಕಾನೂನಿಗೆ ಹವ್ಯಾಸಿ ಎಂಬ ಪ್ರಾಣಿಯ ಪರಿಚಯವೇ ಇಲ್ಲ. 1948ರ ಫ್ಯಾಕ್ಟರಿ ಕಾಯ್ದೆ ಕಂಡಿದ್ದು ಕೆಲಸಗಾರನನ್ನು. ಕರೆಂಟು ಬಳಸುವ ಕಡೆ ಹತ್ತು ಜನ, ಬಳಸದ ಕಡೆ ಇಪ್ಪತ್ತು ಜನ ದುಡಿದರೆ ಅದು ಫ್ಯಾಕ್ಟರಿ ಅನ್ನಿಸಿಕೊಳ್ಳುತ್ತಿತ್ತು. ಅದರ 21ನೇ ಕಲಮು ತಿರುಗುವ ಭಾಗಗಳಿಗೆ ಬೇಲಿ ಹಾಕಿ ಅನ್ನುತ್ತಿತ್ತು. 35ನೆಯದು ಕಣ್ಣಿಗೆ ರಕ್ಷಣೆ ಕೊಡಿ ಅನ್ನುತ್ತಿತ್ತು. 22ನೆಯದು ಇನ್ನೂ ಸ್ವಾರಸ್ಯ. ಚಾಲೂ ಇರುವ ಯಂತ್ರದ ತಪಾಸಣೆಗೆ ಕೈ ಹಾಕುವವನು ವಿಶೇಷ ತರಬೇತಿ ಪಡೆದ ವಯಸ್ಕ ಗಂಡಸೇ ಆಗಿರಬೇಕು, ಮೈಗಂಟಿದ ಬಟ್ಟೆ ತೊಟ್ಟಿರಬೇಕು, ಆ ಬಟ್ಟೆಯನ್ನು ಮಾಲೀಕನೇ ಕೊಡಬೇಕು ಎಂದಿತ್ತು! 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಜಾರಿಗೆ ಬಂದು ಆ ಹತ್ತನ್ನು ಇಪ್ಪತ್ತು, ಇಪ್ಪತ್ತನ್ನು ನಲವತ್ತು ಮಾಡಿತು. ಅಂದರೆ ಮೇಸ್ತ್ರಿಯ ಶೆಡ್ಡು ಕಾನೂನಿನ ಕಣ್ಣಿಗೆ ಮೊದಲೂ ಬಿದ್ದಿರಲಿಲ್ಲ, ಈಗ ಇನ್ನಷ್ಟು ದೂರ ಸರಿಯಿತು.

ಹವ್ಯಾಸಿಗೆ ಕೂಲಿಯಿಲ್ಲ, ಆದ್ದರಿಂದ ಅವನು ಕೆಲಸಗಾರನಲ್ಲ. ಕೆಲಸಗಾರನಲ್ಲದ ಮೇಲೆ ಇಎಸ್‌ಐ ಇಲ್ಲ, ಇನ್‌ಸ್ಪೆಕ್ಟರ್ ಇಲ್ಲ, ಪರಿಹಾರದ ದರಪಟ್ಟಿಯೂ ಇಲ್ಲ. ಬೆರಳು ಹೋದರೆ ಉಳಿಯುವುದು ಜಾಗದ ಯಜಮಾನನ ಮೇಲೆ ದಾವೆ ಹೂಡುವ ದಾರಿ ಒಂದೇ. ಯಜಮಾನನಿಗೂ ಇದು ಗೊತ್ತು. ಆದ್ದರಿಂದ ಅವನು ಮೊದಲು ಮಾಡುವ ಕೆಲಸ ವಕೀಲರ ಹತ್ತಿರ ಒಂದು ಮುಚ್ಚಳಿಕೆ ಬರೆಸುವುದು: ಏನಾದರೂ ಆದರೆ ನಾನೇ ಹೊಣೆ, ಸಹಿ, ದಿನಾಂಕ. ಎರಡನೆಯ ಕೆಲಸ, ಬೀಗ ಹಾಕುವುದು. ಇವೆರಡರಲ್ಲಿ ಬೀಗವಾದರೂ ಅಪಘಾತ ತಡೆಯುತ್ತದೆ. ಮುಚ್ಚಳಿಕೆಯ ಕಾಗದ ಯಾರ ಕಣ್ಣನ್ನೂ ಉಳಿಸಿದ್ದು ನಾನು ಕಾಣೆ.

ಈ ಬಿರುಕು ನಮ್ಮಲ್ಲಿ ಮಾತ್ರ ಇರುವುದಲ್ಲ. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ರಾತ್ರಿ ಹೊತ್ತು ಒಬ್ಬಳೇ ಲೇತಿನಲ್ಲಿ ಕೆಲಸ ಮಾಡುತ್ತಿದ್ದಾಗ ಕೂದಲು ಸಿಕ್ಕಿಕೊಂಡು ಸತ್ತಳು. ಲೇತು 1962ರದು. ಕಾರ್ಮಿಕ ಸುರಕ್ಷತೆಯ ಫೆಡರಲ್ ಸಂಸ್ಥೆ ಬಂದು ನೋಡಿತು, ಯಂತ್ರಕ್ಕೆ ಸರಿಯಾದ ರಕ್ಷಣೆ ಇರಲಿಲ್ಲ ಎಂದು ಪತ್ರ ಬರೆಯಿತು. ದಂಡ ಹಾಕಲಿಲ್ಲ. ಸತ್ತವಳು ನೌಕರಳಲ್ಲ, ವಿದ್ಯಾರ್ಥಿನಿ. ಅವಳು ಸಂಸ್ಥೆಯ ವ್ಯಾಪ್ತಿಗೇ ಬರುವುದಿಲ್ಲ! ವಿಶ್ವವಿದ್ಯಾಲಯ ಆ ಪತ್ರದ ಮಾತುಗಳನ್ನು ಒಪ್ಪಲಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಆಮೇಲೆ ಆದದ್ದು. ಯಂತ್ರಶಾಲೆಗಳ ಹೊತ್ತು ಕಡಿಮೆಯಾಯಿತು, ಮೇಲ್ವಿಚಾರಕರು ಬಂದರು. ಅಷ್ಟಕ್ಕೇ ನಿಲ್ಲಿಸಿ ಬಾಗಿಲು ಹಾಕಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು 2012ರಲ್ಲಿ ಹೊಸದೊಂದು ವಿನ್ಯಾಸ ಕೇಂದ್ರವನ್ನೇ ತೆರೆದರು. ಇತಿಹಾಸ ಓದುವವರೂ ಸಂಗೀತ ಕಲಿಯುವವರೂ ಮೊದಲು ಸುರಕ್ಷತೆಯ ಪಾಠ ಕೇಳಿ ಅದರ ಸದಸ್ಯರಾಗಬಹುದು. ಸಾವಿನ ಮರುವರ್ಷವೇ ಹೀಗೆ ಬಾಗಿಲು ಅಗಲ ಮಾಡಲು ಧೈರ್ಯ ಬೇಕು.

ನಮ್ಮ ಅಭ್ಯಾಸ ಬೇರೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಬೆಂದುಹೋದ ಮೇಲೆ ಹುಲ್ಲಿನ ಚಾವಣಿಗಳು ಇಳಿದವು, ಆಯೋಗ ಕೂತಿತು, ಸುತ್ತೋಲೆಗಳು ಬಂದವು. ಬೇಕಾದ್ದೇ. ಆದರೆ ಅಂಥ ದುರಂತದ ನೆನಪು ಅಧಿಕಾರಿಗಳ ಮನಸ್ಸಿನಲ್ಲಿ ಉಳಿಯುವುದು ‘ಏನನ್ನೂ ಮಾಡಲು ಬಿಡದಿರುವುದೇ ಕ್ಷೇಮ’ ಎಂಬ ರೂಪದಲ್ಲಿ.

ಇದರ ಫಲವನ್ನು ನಾನು ಕಣ್ಣಾರೆ ಕಂಡಿದ್ದು ಚೆನ್ನೈ ಹೊರವಲಯದ ಒಂದು ಶಾಲೆಯಲ್ಲಿ. ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ 2016ರಿಂದ ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ ‘ಅಟಲ್ ಟಿಂಕರಿಂಗ್ ಲ್ಯಾಬ್’ ಕೊಡುತ್ತಿದೆ, ಶಾಲೆಗೆ 20 ಲಕ್ಷ ರೂಪಾಯಿಯಂತೆ. ದೇಶದಲ್ಲಿ ಇಂಥವು ಹತ್ತು ಸಾವಿರಕ್ಕೆ ಮುಟ್ಟಿವೆ. ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಎಂದು 2025ರ ಬಜೆಟ್ಟು ಹೇಳಿತು. ನಾನು ಹೋದ ಶಾಲೆಯ ಲ್ಯಾಬಿನಲ್ಲಿ ತ್ರೀಡಿ ಪ್ರಿಂಟರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಸಾಲ್ಡರಿಂಗ್ ಐರನ್ನುಗಳು ಸ್ಟೀಲ್ ಬೀರುವಿನಲ್ಲಿ, ಬೀರುವಿನ ಕೀಲಿ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿ. ವಿಜ್ಞಾನದ ಮೇಡಂ ಒಳ್ಳೆಯವರು, ಉತ್ಸಾಹಿ. ‘ಮಕ್ಕಳಿಗೆ ಕೊಡಲ್ವಾ ಮೇಡಂ?’ ಅಂದಿದ್ದಕ್ಕೆ, ‘ಒಂದು ಮಗು ಕೈ ಸುಟ್ಟುಕೊಂಡರೆ ನಾಳೆ ಯಾರು ಸಾರ್ ಉತ್ತರ ಹೇಳೋದು?’ ಅಂದರು. ಆ ಮಾತನ್ನು ನಾನು ಹೇಡಿತನವೆನ್ನಲಾರೆ. ಸಾಮಾನು ಕೊಳ್ಳಲು ದುಡ್ಡು ಬಂತು. ಅವರ ಪಕ್ಕದಲ್ಲಿ ನಿಲ್ಲುವ ಒಬ್ಬ ಅನುಭವಸ್ಥನನ್ನು ಯಾರೂ ಕೊಡಲಿಲ್ಲ.

ಇದೇ ವಯಸ್ಸಿನ ಮಕ್ಕಳು ಪುಣೆಯ ಹತ್ತಿರದ ಪಾಬಳದಲ್ಲಿ ವೆಲ್ಡಿಂಗ್ ಮಾಡುತ್ತಾರೆ. ಡಾ. ಶ್ರೀನಾಥ ಕಲಬಾಗ್ 1983ರಲ್ಲಿ ಅಲ್ಲಿ ಕಟ್ಟಿದ ವಿಜ್ಞಾನ ಆಶ್ರಮದ ಇಡೀ ನಂಬಿಕೆ, ಕೈಯಲ್ಲಿ ಮಾಡದ ಹೊರತು ತಲೆಗೆ ಹತ್ತುವುದಿಲ್ಲ ಎಂಬುದು. 2002ರಲ್ಲಿ ಅಮೆರಿಕದ ಎಂಐಟಿಯ ಫ್ಯಾಬ್ ಲ್ಯಾಬ್ ಎಂಬ ಕಾರ್ಯಾಗಾರ ತನ್ನ ನೆಲದಾಚೆ ಮೊದಮೊದಲು ಕಾಲಿಟ್ಟ ಜಾಗಗಳಲ್ಲಿ ಈ ಹಳ್ಳಿಯೂ ಒಂದು. ಅಲ್ಲಿ ಮಗು ಮತ್ತು ಕಿಡಿಯ ನಡುವೆ ಒಬ್ಬ ಕಲಿಸುವವನು ನಿಂತಿರುತ್ತಾನೆ. ಬೆಂಗಳೂರಿನಲ್ಲಿ 2013ರ ಹೊತ್ತಿಗೆ ಶುರುವಾಗಿ ಹಲಸೂರು ಮೆಟ್ರೋ ನಿಲ್ದಾಣದ ಕೆಳಗೆ ನೆಲೆ ಕಂಡ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್, 2023ರ ಮಾರ್ಚಿನಲ್ಲಿ ಹೈದರಾಬಾದಿನಲ್ಲಿ 78,000 ಚದರಡಿಯಲ್ಲಿ ಬಾಗಿಲು ತೆರೆದ ಟಿ-ವರ್ಕ್ಸ್ ಇವೆರಡೂ ಇಂಥ ಕಾರ್ಯಾಗಾರಕ್ಕೆ ನಗರ ಮಾಡಿದ ಪ್ರಯತ್ನಗಳು. ಟಿ-ವರ್ಕ್ಸ್ ದೊಡ್ಡದು, ಸರ್ಕಾರದ ಬೆನ್ನುಬಲ ಇರುವುದು. ಅದರ ಒಲವು ಸ್ಟಾರ್ಟಪ್ಪುಗಳ ಕಡೆ. ಸುಮ್ಮನೆ ಖುಷಿಗೆ ಏನೋ ಮಾಡುವವನು ಅಲ್ಲಿಯೂ ಸ್ವಲ್ಪ ಸಂಕೋಚದಿಂದಲೇ ನಿಲ್ಲಬೇಕು. ‘ಇದರಿಂದ ಏನು ಲಾಭ?’ ಎಂಬ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರವಿಲ್ಲ, ಇಪ್ಪತ್ತು ವರ್ಷದಿಂದ ಹೆಂಡತಿ ಕೇಳುತ್ತಲೇ ಇದ್ದಾಳೆ.

ಹವ್ಯಾಸಿಯನ್ನು ಕಾನೂನು ಗುರುತಿಸಿ, ಪರೀಕ್ಷಿಸಿ, ಆಮೇಲೆ ನಂಬಿದ ಉದಾಹರಣೆ ನಮ್ಮಲ್ಲೇ ಇದೆ: ಹ್ಯಾಮ್ ರೇಡಿಯೊ. 1978ರ ನಿಯಮಗಳ ಪ್ರಕಾರ ಹನ್ನೆರಡು ತುಂಬಿದ ಮಗುವೂ ಪರೀಕ್ಷೆಗೆ ಕೂರಬಹುದು. ಪಾಸಾದರೆ ಒಂದು ಕರೆಸಂಕೇತ, ಅದರ ಜೊತೆಗೆ ತನ್ನ ಕೈಯಾರೆ ಟ್ರಾನ್ಸ್‌ಮಿಟರ್ ಕಟ್ಟಿಕೊಳ್ಳುವ ಸ್ವಾತಂತ್ರ್ಯ. ಮೊದಲು ಕೆಳದರ್ಜೆಯ ಲೈಸೆನ್ಸು, ಕಲಿತಂತೆ ಮೇಲಿನದು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಅಂಡಮಾನಿನಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದವರಲ್ಲಿ ಹವ್ಯಾಸಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರಿದ್ದರು. ಡ್ರೋನ್ ವಿಚಾರದಲ್ಲಿ ಸರ್ಕಾರ ಎಡವಿ ಸರಿಮಾಡಿಕೊಂಡಿತು. 2021ರ ಮಾರ್ಚಿನ ನಿಯಮಗಳು ಎಷ್ಟು ಬಿಗಿಯಾಗಿದ್ದವೆಂದರೆ ಐದೇ ತಿಂಗಳಲ್ಲಿ ಅವನ್ನು ರದ್ದುಮಾಡಿ ಆಗಸ್ಟ್ 25ಕ್ಕೆ ಹೊಸದನ್ನು ತಂದರು. 25 ಅರ್ಜಿ ನಮೂನೆಗಳು 5ಕ್ಕೆ ಇಳಿದವು, 72 ಬಗೆಯ ಶುಲ್ಕ 4ಕ್ಕೆ. 250 ಗ್ರಾಂ ಒಳಗಿನ ಆಟಿಕೆಗೆ ಪೈಲಟ್ ಲೈಸೆನ್ಸು ಬೇಡ. ವ್ಯಾಪಾರಕ್ಕಲ್ಲದೆ ಹಾರಿಸುವುದಾದರೆ ಎರಡು ಕಿಲೋವರೆಗಿನದಕ್ಕೂ ಬೇಡ. ಅಬ್ದುಲ್ ಕಲಾಂ ಓದಿದ ಕ್ರೋಂಪೇಟೆಯ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ‘ದಕ್ಷ’ ಡ್ರೋನ್ ತಂಡಕ್ಕೆ ಸಲಹೆಗಾರರಾಗಿ ನಿಂತವರು ವಿಮಾನದ ಮಾದರಿ ಹಾರಿಸುವ ಹವ್ಯಾಸವಿದ್ದ ಸಿನಿಮಾ ನಟ ಅಜಿತ್ ಕುಮಾರ್.

ಈ ಎರಡರಿಂದ ನಾನು ಎತ್ತಿಕೊಳ್ಳುವುದು ಒಂದೇ. ಅಪಾಯವನ್ನು ತೂಕ ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಕೈಗೆ ಕೊಡಬಹುದು. ‘ವರ್ಕ್‌ಶಾಪು ಅಪಾಯ’ ಎಂಬ ಒಂದೇ ಬೋರ್ಡಿನ ಕೆಳಗೆ ಎಲ್ಲ ಯಂತ್ರವನ್ನೂ ಕೂರಿಸುವುದು ಅಡುಗೆಮನೆಯ ಈಳಿಗೆ, ಕುಕ್ಕರು, ಲಟ್ಟಣಿಗೆ ಮೂರಕ್ಕೂ ಒಂದೇ ಎಚ್ಚರಿಕೆ ಹೇಳಿದಂತೆ. ಬೆಂಚ್ ವೈಸ್, ಅರ, ಹ್ಯಾಕ್ಸಾ ಇವಕ್ಕೆ ಹತ್ತು ನಿಮಿಷದ ಪಾಠ ಸಾಕು. ಲೇಸರ್ ಕಟರ್ ನೋಡಲು ಅಚ್ಚುಕಟ್ಟಾದ ಪೆಟ್ಟಿಗೆ, ಆದರೆ ಪಿವಿಸಿ ಹಾಳೆ ಇಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಗಾಳಿ. ಚಾಲೂ ಮಾಡಿ ಟೀ ಕುಡಿಯಲು ಹೋದರೆ ಬೆಂಕಿ. ಡ್ರೋನಿನ ಲಿಥಿಯಂ ಬ್ಯಾಟರಿ ರಾತ್ರಿಯಿಡೀ ಚಾರ್ಜಿಗೆ ಹಾಕುವಂಥದ್ದಲ್ಲ. ಲೇತಿನ ಗುಣ ಇನ್ನೊಂದು. ಹೊರಗಿನಿಂದ ಬಂದ ಸುರಕ್ಷತಾ ಅಧಿಕಾರಿ ಮೊದಲು ಕೇಳುವುದು ‘ಗ್ಲೌಸ್ ಎಲ್ಲಿ?’ ಎಂದು. ತಿರುಗುವ ಚಕ್ಕಿನ ಮುಂದೆ ಗ್ಲೌಸ್ ಹಾಕಿ ನಿಲ್ಲುವುದೇ ಅಪಾಯ. ಬಟ್ಟೆಯ ಒಂದು ಎಳೆ ಸಿಕ್ಕರೆ ಅದು ಇಡೀ ಕೈಯನ್ನೇ ಸುತ್ತಿಕೊಳ್ಳುತ್ತದೆ. ಮೇಸ್ತ್ರಿ ನನಗೆ ವಾಚು ಬಿಚ್ಚಿಸಿದ್ದು ಅದಕ್ಕೇ. ನಿಯಮ ಬರೆಯುವವನು ಒಮ್ಮೆಯಾದರೂ ಚಕ್ಕಿನ ಮುಂದೆ ನಿಂತಿರಬೇಕು ಎಂದು ನಾನು ಹೇಳುವುದೂ ಅದಕ್ಕೇ.

ಚೆನ್ನೈಗೇ ವಿಶೇಷವಾದ ಒಂದು ಕಾಟವೂ ಇದೆ, ನೀರು. 2015ರ ಡಿಸೆಂಬರಿನಲ್ಲಿ ಊರೇ ಮುಳುಗಿತು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಅಂಬತ್ತೂರಿನ ಎಸ್ಟೇಟಿಗೇ ನೀರು ನುಗ್ಗಿ ಮೋಟಾರುಗಳು ಕೆಸರಲ್ಲಿ ಕೂತವು. ನೀರಿಳಿದ ಮೇಲೆ ಒದ್ದೆ ನೆಲ, ನೆನೆದ ವೈರಿಂಗು, ಹವಾಯಿ ಚಪ್ಪಲಿ. ಇಲ್ಲಿ ಭಾಷಣಕ್ಕಿಂತ ಸರಿಯಾದ ಅರ್ಥಿಂಗು, 30 ಮಿಲಿಆಂಪಿಯರು ಸೋರಿದ ಕೂಡಲೇ ಕರೆಂಟು ಕಡಿಯುವ ಒಂದು ಇಎಲ್‌ಸಿಬಿ ಹೆಚ್ಚು ಜೀವ ಉಳಿಸುತ್ತದೆ. ಮೇಸ್ತ್ರಿಯ ಶೆಡ್ಡಿನಲ್ಲಿ ಅದೊಂದು ಇತ್ತು, ಗಾಗಲ್ಸ್ ಇಲ್ಲದಿದ್ದರೂ. ಪ್ರವಾಹವಾದ ಮೇಲೆ ಹಾಕಿಸಿದ್ದಂತೆ.

ಇನ್ನು ಉಗಿಯಂತ್ರದ ಬಾಯ್ಲರಿಗೆ ಬರುತ್ತೇನೆ. ನನ್ನ ಸ್ವಾರ್ಥ ಇರುವುದೂ ಅಲ್ಲೇ, ವಿಷಯದ ತಿರುಳು ಇರುವುದೂ ಅಲ್ಲೇ. 1923ರ ಬಾಯ್ಲರ್ ಕಾಯ್ದೆಗೆ 2007ರಲ್ಲಿ ತಿದ್ದುಪಡಿಯಾಗಿ ಒಂದು ಗೆರೆ ಎಳೆದರು: 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆ ಬಾಯ್ಲರೇ ಅಲ್ಲ. 2025ರಲ್ಲಿ ಹಳೆಯ ಕಾಯ್ದೆ ಹೋಗಿ ಹೊಸದು ಬಂದಾಗಲೂ ಆ ಗೆರೆ ಅಲ್ಲೇ ಉಳಿಯಿತು. ನನ್ನ ತಾಮ್ರದ ಬಾಯ್ಲರು ಹಿಡಿಯುವುದು ಎರಡು ಲೀಟರ್. ಅದನ್ನು ನಾನು ಬೆಸೆದದ್ದು ಹೇಗಿದ್ದರೂ, ಎಷ್ಟು ಒತ್ತಡಕ್ಕೆ ಏರಿಸಿದರೂ, ಮೊಮ್ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಬೆಂಕಿ ಹಾಕಿದರೂ ಯಾವ ಇನ್‌ಸ್ಪೆಕ್ಟರೂ ಕೇಳುವ ಹಾಗಿಲ್ಲ. ನೀರು ಉಗಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ ಎಂಬುದು ಮಾತ್ರ ಎರಡು ಲೀಟರಿಗೂ ಅನ್ವಯಿಸುತ್ತದೆ. ಮನೆಯ ಐದು ಲೀಟರಿನ ಕುಕ್ಕರಿಗೆ ವೆಯ್ಟು ಇದೆ, ಅದು ಕಟ್ಟಿಕೊಂಡರೆ ಕರಗಿ ದಾರಿ ಬಿಡುವ ಸೇಫ್ಟಿ ವಾಲ್ವ್ ಇದೆ, ಐಎಸ್‌ಐ ಮುದ್ರೆ ಇದೆ. ಯಾವ ಅಜ್ಜಿಗೂ ಲೈಸೆನ್ಸು ಬೇಕಿಲ್ಲದಿರುವುದು ಎಚ್ಚರವೆಲ್ಲ ಆ ಪಾತ್ರೆಯೊಳಗೇ ಕೂತಿರುವುದರಿಂದ. ನನ್ನ ಕೈಯ ಬೆಸುಗೆಗೆ ಯಾರ ಮುದ್ರೆ?

ಬ್ರಿಟನ್ನಿನ ಹವ್ಯಾಸಿಗಳು ಇದಕ್ಕೆ ತಮ್ಮೊಳಗೇ ದಾರಿ ಕಂಡುಕೊಂಡರು. 1898ರಲ್ಲಿ ಪರ್ಸಿವಲ್ ಮಾರ್ಷಲ್ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಶುರುಮಾಡಿದ. ಅದೇ ವರ್ಷ ಲಂಡನ್ನಿನಲ್ಲಿ ಮಾದರಿ ಎಂಜಿನಿಯರುಗಳ ಸಂಘವೂ ಹುಟ್ಟಿತು. ಇವತ್ತು ಅಲ್ಲಿ ಊರೂರಿಗೆ ಇಂಥ ಕ್ಲಬ್ಬುಗಳಿವೆ, ಕ್ಲಬ್ಬಿನಲ್ಲಿ ಅನುಭವವಿರುವ ಹಿರಿಯರೊಬ್ಬರು ಬಾಯ್ಲರ್ ಪರೀಕ್ಷಕರು, ಸಂಬಳವಿಲ್ಲ. ಹೊಸ ಬಾಯ್ಲರಿಗೆ ತಣ್ಣೀರು ತುಂಬಿ, ಓಡಿಸುವ ಒತ್ತಡದ ಎರಡರಷ್ಟು ಒತ್ತಿ ನೋಡುತ್ತಾರೆ. ಆಮೇಲಿನ ಪರೀಕ್ಷೆಗಳಲ್ಲಿ ಒಂದೂವರೆಯಷ್ಟು. ತಣ್ಣೀರೇ ಏಕೆಂದರೆ ಅದು ಅಮುಕಿದರೆ ಕುಗ್ಗುವುದಿಲ್ಲ. ಬಿರುಕು ಬಿಟ್ಟರೂ ಸಿಡಿಯದೆ ಸೋರಿ ನಿಲ್ಲುತ್ತದೆ. ಪಾಸಾದ ಚೀಟಿ ಇಲ್ಲದೆ ಕ್ಲಬ್ಬಿನ ಹಳಿಯ ಮೇಲೆ ಎಂಜಿನ್ನು ಇಡುವಂತಿಲ್ಲ, ಚೀಟಿ ಇಲ್ಲದಿದ್ದರೆ ಇನ್ಶೂರೆನ್ಸೂ ಇಲ್ಲ. ಇನ್‌ಸ್ಪೆಕ್ಟರ್ ಬರಲಿ ಎಂದು ಅವರು ಕಾಯುವುದಿಲ್ಲ, ಮೇಲಾಗಿ ಅವನನ್ನು ಬರದಂತೆ ತಡೆಯುವ ಉಪಾಯವೂ ಅದೇ.

ಚೆನ್ನೈಯಲ್ಲಿ ಇಂಥ ಹಿರಿಯರು ಇಲ್ಲವೆನ್ನಬೇಡಿ. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹುಟ್ಟಿದ ಇಐಆರ್ 21 ಎಂಬ ಉಗಿ ಎಂಜಿನ್ನನ್ನು 2010ರಲ್ಲಿ ಮತ್ತೆ ಉಸಿರಾಡಿಸಿದ್ದು ಪೆರಂಬೂರಿನ ಲೋಕೊ ವರ್ಕ್ಸ್. ಪಕ್ಕದಲ್ಲೇ 1955ರಲ್ಲಿ ಶುರುವಾದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ. ಈ ಎರಡು ಗೇಟುಗಳಿಂದ ಪ್ರತಿವರ್ಷ ಟರ್ನರು, ಫಿಟ್ಟರು, ವೆಲ್ಡರುಗಳು ನಿವೃತ್ತರಾಗಿ ಹೊರಬರುತ್ತಾರೆ, ಅರವತ್ತನೇ ವಯಸ್ಸಿಗೆ, ಕೈಕಾಲು ಗಟ್ಟಿ ಇರುವಾಗಲೇ. ಕಾರ್ಪೊರೇಶನ್ನಿನದೋ ಲೈಬ್ರರಿಯದೋ ಖಾಲಿ ಬಿದ್ದ ಒಂದು ಹಾಲು, ನಾಲ್ಕು ಯಂತ್ರ, ಸಂಜೆ ಐದರಿಂದ ಎಂಟರವರೆಗೆ ಅವರಲ್ಲಿ ಇಬ್ಬರು. ಯಂತ್ರಕ್ಕೊಂದು ಪಾಠ, ಪಾಠ ಕಲಿತದ್ದಕ್ಕೆ ಕಾರ್ಡಿನಲ್ಲಿ ಒಂದು ಸಹಿ, ಸಹಿ ಇರುವ ಯಂತ್ರದ ಕೀಲಿ ಮಾತ್ರ ನಿಮ್ಮ ಕೈಗೆ. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಟೆಕ್‌ಶಾಪ್ ಹೆಚ್ಚುಕಡಿಮೆ ಹೀಗೇ ಪಾಠ ಹೇಳಿ ಯಂತ್ರ ಬಿಟ್ಟುಕೊಡುತ್ತಿತ್ತು. 2017ರಲ್ಲಿ ಅದು ದಿವಾಳಿಯಾದದ್ದು ಲೆಕ್ಕಾಚಾರ ತಪ್ಪಿ. ಚಂದಾದ ದುಡ್ಡಿನಲ್ಲಿ ಬಾಡಿಗೆ, ಯಂತ್ರ, ಮನುಷ್ಯ ಮೂರನ್ನೂ ಸಾಕುವುದು ಕಷ್ಟ. ಹಾಗಾಗಿ ಇದು ಲೈಬ್ರರಿಯಂತೆ ಸಾರ್ವಜನಿಕ ಖರ್ಚಿನಲ್ಲಿ ನಡೆಯಬೇಕಾದ ಕೆಲಸ ಎಂದು ನನಗನ್ನಿಸುತ್ತದೆ. ಮತ್ತು ಖರ್ಚಿನ ಮೊದಲ ಬಾಬತ್ತು ತ್ರೀಡಿ ಪ್ರಿಂಟರ್ ಆಗಬಾರದು, ಆ ಇಬ್ಬರ ಸಂಬಳವಾಗಬೇಕು.

ಪೆರಂಬೂರಿನಲ್ಲಿ ನನಗೂ ಅಂಥ ಒಬ್ಬರು ಸಿಕ್ಕರು. ರೈಲ್ವೆಯಲ್ಲಿ ಬಾಯ್ಲರ್ ಕೆಲಸ ಮಾಡಿ ನಿವೃತ್ತರಾದವರು, ಎಂಬತ್ತು ದಾಟಿದೆ. ಬಾಯ್ಲರನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಅವರು ಅದನ್ನು ಬೆರಳಿಂದ ಕುಟ್ಟಿ, ಕಿವಿ ಹತ್ತಿರ ಹಿಡಿದು ಇನ್ನೊಮ್ಮೆ ಕುಟ್ಟಿದರು. ‘ಎಷ್ಟಕ್ಕೆ ಓಡಿಸ್ತೀರಿ?’ ‘ನಾಲ್ಕು ಕೆಜಿಗೆ.’ ‘ಹಾಗಾದರೆ ಎಂಟಕ್ಕೆ ನಿಲ್ಲಬೇಕು.’ ಹಿತ್ತಲಲ್ಲಿ ಕೈಪಂಪು ಜೋಡಿಸಿ, ಒಳಗಿನ ಗಾಳಿಯೆಲ್ಲ ಹೋಗುವವರೆಗೆ ನೀರು ತುಂಬಿಸಿದರು. ಗೇಜಿನ ಮುಳ್ಳು ಐದಕ್ಕೆ ಬಂತು, ಆರಕ್ಕೆ ಬಂತು. ಆರೂವರೆಗೆ ಅವರು ಪಂಪು ನಿಲ್ಲಿಸಿ ಕಾದರು. ಮುಳ್ಳು ಕೂದಲೆಳೆಯಷ್ಟು ಹಿಂದೆ ಸರಿಯಿತು. ಕೆಳತಟ್ಟೆಯ ಬೆಸುಗೆಯಲ್ಲಿ, ನಾನು ಬಹಳ ಚೆಂದ ಬಂದಿದೆ ಅಂದುಕೊಂಡಿದ್ದ ಜಾಗದಲ್ಲೇ, ಒಂದು ಹನಿ ಮೂಡಿ ನಿಂತಿತ್ತು. ಅವರು ಅದನ್ನು ಹೆಬ್ಬೆರಳಿಂದ ಒರೆಸಿ ನನಗೆ ತೋರಿಸಿದರು, ನೀರು ಚೆಲ್ಲಿ ಬಾಯ್ಲರನ್ನು ಚೀಲಕ್ಕೆ ಹಾಕಿಕೊಟ್ಟು, ಮುಂದಿನ ಭಾನುವಾರ ಬಾ ಅಂದರು.